ಮುಂದಿನ ಸೀಟಿನ ನೀರುಗಂಟಿ

ಚಿಕ್ಕಣ್ಣನಿಗೆ ಸೋರುವುದನ್ನು ಕಂಡರೆ ಆಗುತ್ತಿರಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದರೂ ಸರಿ, ಎಲ್ಲಾದರೂ ನಲ್ಲಿ ತೊಟ್ಟಿಕ್ಕುವ ಸದ್ದು ಕಿವಿಗೆ ಬಿದ್ದರೆ ಎಲೆ ಬಿಟ್ಟು ಎದ್ದುಹೋಗಿ, ಅದರ ಕಿವಿ ತಿರುಪಿ ಬಂದ ಮೇಲೇ ಮುಂದಿನ ತುತ್ತು. ಮೂವತ್ತಾರು ವರ್ಷ ಮಳವಳ್ಳಿ ಕಡೆಯ ನಾಲೆಯ ಮೇಲೆ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ತೂಬು ಎತ್ತಬೇಕು, ಯಾವುದು ಇಳಿಸಬೇಕು ಎಂದು ನೋಡುವುದರ ಜೊತೆಗೆ, ಏರಿಯಲ್ಲಿ ಏಡಿ ಕೊರೆದ ಬಿಲ, ಕಲ್ಲು ಸರಿದ ಸಂದು, ತೂಬಿನ ಹಲಗೆಯ ಬಿರುಕು, ಇವನ್ನೆಲ್ಲ ಹುಡುಕಿ ಮುಚ್ಚುವುದೂ ಅವನ ಕೆಲಸವೇ. ಅವನು ಬಿಗಿದ ತೂತಿನಿಂದ ಮತ್ತೆ ನೀರು ಜಿನುಗಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿಲ್ಲ. ಕೆಲಸದಿಂದ ನಿವೃತ್ತಿಯಾಗಿ ಹನ್ನೆರಡು ವರ್ಷವಾಗಿತ್ತು. ಕೈಗೆ ಮಾತ್ರ ಇನ್ನೂ ನಿವೃತ್ತಿಯ ಕಾಗದ ಬಂದಿರಲಿಲ್ಲ.

ಆ ಕೈಯೇ ಅವನ ಮುಂದಿನ ಸೀಟಿಗೆ ಸಂಚಕಾರ ತಂದದ್ದು.

ಮುಂದಿನ ಸೀಟು ಅಂದರೆ ಸೊಸೆ ಕುಸುಮಳ ಕಾರಿನ ಎಡಗಡೆಯ ಸೀಟು. ಕುಸುಮ ರೇಷ್ಮೆಯ ಚಾಕಿ ಹುಳ ಸಾಕುವವಳು. ಮೊಟ್ಟೆಯೊಡೆದು ಬಂದ ಮರಿಹುಳಗಳನ್ನು ಎರಡನೇ ಜ್ವರ ಮುಗಿಯುವ ತನಕ, ಅಂದರೆ ಎರಡು ಸಲ ಪೊರೆ ಬಿಡುವ ತನಕ, ಎಳೆಗೂಸಿನಂತೆ ಜೋಪಾನ ಮಾಡಿ ಆಮೇಲೆ ರೈತರ ಮನೆಗೆ ತಲುಪಿಸುತ್ತಾಳೆ. ಆ ವಯಸ್ಸಿನ ಹುಳಕ್ಕೆ ಇಪ್ಪತ್ತಾರು ಡಿಗ್ರಿ ಅಂದರೆ ಹಿತ. ಅದರ ಮೇಲೆ ಬಿಸಿಲಿನ ಝಳ ತಾಗಿದರೆ ಸೊಪ್ಪು ಬಿಟ್ಟು ಮಂಕಾಗಿ ಮಲಗುತ್ತವೆ, ಮತ್ತೆ ಏಳುವುದೇ ಅನುಮಾನ. ಅದಕ್ಕೇ ಅವಳು ಎರಡು ವರ್ಷದ ಹಿಂದೆ ಏಸಿ ಇರುವ ಹಳೆಯ ಏಳು ಸೀಟಿನ ಕಾರೊಂದನ್ನು ಕೊಂಡು, ಹಿಂದಿನ ಸೀಟುಗಳನ್ನು ಕೀಳಿಸಿ, ಹುಳದ ಟ್ರೇ ಜೋಡಿಸಲು ಕಬ್ಬಿಣದ ಅಟ್ಟಣಿಗೆ ಮಾಡಿಸಿದ್ದಳು. ನಡುವಿನ ಸಾಲಿನಲ್ಲಿ ಒಬ್ಬರು ಮುದುರಿಕೊಂಡು ಕೂರುವಷ್ಟು ಜಾಗ ಉಳಿದಿತ್ತು. ಮಂಡ್ಯದ ವಿ.ಸಿ. ಫಾರಂನ ಕೃಷಿ ಮೇಳದಲ್ಲಿ ಕೊಂಡ ಒಂದು ಶಾಖಮಾಪಕ ಟ್ರೇಗಳ ನಡುವೆ ನೇತಾಡುತ್ತಿತ್ತು.

ಆ ಕಾರಿನ ಮುಂದಿನ ಸೀಟಿನಲ್ಲಿ, ಒಗೆದ ಬಿಳಿ ಅಂಗಿ ತೊಟ್ಟು ಕೂತು, ಮಳವಳ್ಳಿಯಿಂದ ಭಾರತೀನಗರ, ಅಲ್ಲಿಂದ ಮದ್ದೂರು, ಆಮೇಲೆ ನಿಡಘಟ್ಟ ಎಂದು ವಾರಕ್ಕೆರಡು ಸಲ ಸುತ್ತಿಬರುವುದು ಚಿಕ್ಕಣ್ಣನಿಗೆ ಮುಪ್ಪಿನಲ್ಲಿ ಸಿಕ್ಕ ದೊಡ್ಡ ಹುದ್ದೆ. ಮೊಣಕಾಲುದ್ದ ಕೆಸರಿನಲ್ಲಿ ತಿರುಗಿದ ನಾಲೆ ಏರಿಗಳನ್ನು ಈಗ ಗಾಜಿನ ಒಳಗಿನಿಂದ ತಣ್ಣಗೆ ನೋಡುವನು. ಗುರುತಿನವರು ಕಂಡರೆ ಗಾಜಿಳಿಸಿ ಕೈಯೆತ್ತುವನು. ತಂಪೆಲ್ಲ ಆಚೆ ಹೋಗುತ್ತದೆ ಎಂದು ಕುಸುಮ ಗದರುವಳು. ಆಗ ಗಾಜೇರಿಸಿ, ಮುಂದಿನ ಗುರುತಿನವರು ಕಾಣುವವರೆಗೆ ಸುಮ್ಮನಿರುವನು.

ತೊಂದರೆ ಬಂದದ್ದು ಅವನ ಕೈಯಿಂದ. ಬಾಗಿಲು ಕಿರುಗುಟ್ಟುತ್ತದೆ ಎಂದು ಎತ್ತಿನ ಗಾಡಿಯ ಕೀಲೆಣ್ಣೆ ಬಳಿದು ಕುಸುಮಳ ಹೊಸ ಸೀರೆಯನ್ನು ಹಾಳು ಮಾಡಿದ್ದ. ಬೆಲ್ಟು ಹಾಕದಿದ್ದರೆ ಕುಂಯ್ಗುಟ್ಟುವ ಸದ್ದನ್ನು ನಿಲ್ಲಿಸಲು ಯಾವುದೋ ವೈರು ಕತ್ತರಿಸಿದ್ದ. ಕುಂಯ್ಗುಟ್ಟುವುದು ನಿಲ್ಲಲಿಲ್ಲ, ಹಾರ್ನು ನಿಂತಿತು. ಪಕ್ಕದ ಕನ್ನಡಿ ವಾಲಿದೆ ಎಂದು ನೆಟ್ಟಗೆ ಮಾಡಲು ಹೋದಾಗ ಕನ್ನಡಿ ಕೈಗೇ ಬಂತು. ಕೈಯಲ್ಲಿ ಕನ್ನಡಿ ಹಿಡಿದು ಅಂಗಳದಲ್ಲಿ ನಿಂತಿದ್ದ ಮಾವನ ಮುಂದೆ ಕುಸುಮ ತೀರ್ಪು ಹೇಳಿದಳು:

"ಇನ್ನೊಂದ್ ಕಿತ ಕಾರಿಗೆ ಕೈ ಮಡಗುದ್ರೆ ಮುಂದ್ಲ ಸೀಟು ಅತ್ತೇಗೆ ಮಾವ. ಈಗ್ಲೇ ಹೇಳಿವ್ನಿ."

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವನ ಹೆಂಡತಿ ಅಂಕಮ್ಮ ತಲೆಯೆತ್ತಲಿಲ್ಲ. ಆದರೆ ಮಾರನೆಯ ದಿನ ಸೊಸೆಯನ್ನು ಯಾರಿಗೂ ಕೇಳದಂತೆ ವಿಚಾರಿಸಿದಳು, ಮುಂದಿನ ಸೀಟಿನಲ್ಲಿ ಕಾಲು ನೀಡಬಹುದಾ ಎಂದು. ಚಿಕ್ಕಣ್ಣನಿಗೆ ಅದು ಕೇಳಿತ್ತು. ಅಂದಿನಿಂದ ಅವನು ಕಾರಿನ ಹತ್ತಿರ ಹೋಗುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಹೋಗುತ್ತಿದ್ದ.

ಯುಗಾದಿ ಕಳೆದು ಬಿಸಿಲೇರಿತು. ಒಂದು ಬೆಳಿಗ್ಗೆ ಕುಸುಮ ಹುಳ ತುಂಬುವ ಮೊದಲು ಒಳಗೆಲ್ಲ ತಂಪಾಗಲಿ ಎಂದು ಕಾರನ್ನು ಚಾಲೂ ಮಾಡಿ ಏಸಿ ಹಾಕಿ, ಟ್ರೇ ತರಲು ಒಳಹೋದಳು. ಕಾರು ನಿಂತಿದ್ದದ್ದು ಟ್ರ್ಯಾಕ್ಟರ್ ತೊಳೆಯಲು ಕಟ್ಟಿದ ಚಪ್ಪಡಿ ಇಳಿಜಾರಿನ ಮೇಲೆ. ಕೈಕಟ್ಟಿ ನಿಂತಿದ್ದ ಚಿಕ್ಕಣ್ಣನ ಕಿವಿಗೆ ಸದ್ದು ಬಿತ್ತು. ತೊಟ್. ತೊಟ್. ಬಗ್ಗಿ ನೋಡಿದ. ಕಾರಿನ ಹೊಟ್ಟೆಯಿಂದ ಹೆಬ್ಬೆರಳು ಗಾತ್ರದ ಒಂದು ರಬ್ಬರ್ ಪೈಪು ಇಣುಕುತ್ತಿತ್ತು. ಅದರ ತುದಿಯಿಂದ ನೀರು. ಆಗಲೇ ಚಪ್ಪಡಿಯ ಮೇಲೆ ಒಂದು ಅಂಗೈಯಗಲ ಮಡು. ಬೆರಳದ್ದಿ ಮೂಸಿದ, ನಾಲಿಗೆಗೆ ಹಚ್ಚಿದ. ಎಣ್ಣೆಯಲ್ಲ, ಡೀಸೆಲ್ಲಲ್ಲ, ಮುತ್ತಿನಂಥ ತಣ್ಣನೆ ನೀರು.

ಸೊಸೆಗೆ ಹೇಳಿದರೆ ಕಾರು ಮೆಕ್ಯಾನಿಕ್ ಹತ್ತಿರ ಹೋಗುತ್ತದೆ, ಹುಳ ಸಾಗಿಸುವ ದಿನ ಕೆಡುತ್ತದೆ. ಹೇಳದೆ ಬಿಟ್ಟರೆ ಇದ್ದಬದ್ದ ನೀರೆಲ್ಲ ಸೋರಿಹೋಗಿ ಕಾರು ಬರಗೆಡುತ್ತದೆ. ಕಾರಿಗೆ ಕೈ ಹಚ್ಚಬೇಡ ಎಂದಿದ್ದಾಳೆ ನಿಜ. ಆದರೆ ಇದು ಕಾರಲ್ಲ, ಸೋರಿಕೆ. ಸೋರಿಕೆಗೆ ಕೈ ಹಚ್ಚಬೇಡ ಎಂದು ನೀರುಗಂಟಿಗೆ ಇಲಾಖೆಯವರೂ ಎಂದೂ ಹೇಳಿರಲಿಲ್ಲ.

ಅಂದು ಸಂಜೆ ಹುಳ ತಲುಪಿಸಿ ಬಂದ ಮೇಲೆ, ಕಾರು ಅದೇ ಚಪ್ಪಡಿಯ ಮೇಲೆ, ಅಡಿಗೆ ನುಸುಳಲು ಜಾಗವಿರುವಂತೆ ನಿಂತಿದ್ದಾಗ, ಅವನು ಕೆಲಸ ಮುಗಿಸಿದ. ಹೊನ್ನೆ ಮರದ ತುಂಡನ್ನು ಬೆರಳುದ್ದ ಬೆಣೆಯಾಗಿ ಕೆತ್ತಿ, ಒಂದು ಹಳೆಯ ಸೀರೆಯ ಅಂಚನ್ನು ಸೀಳಿ ಮೇಣದಲ್ಲಿ ಅದ್ದಿ ಸುತ್ತಿ, ಅದರ ಮೇಲೆ ಸೈಕಲ್ ಟ್ಯೂಬಿನ ತುಂಡನ್ನು ಕಾಲುಚೀಲದಂತೆ ಏರಿಸಿ, ಪೈಪಿನೊಳಗೆ ಒತ್ತಿ ಬಲಕ್ಕೆ ಒಂದು ತಿರುವು ಕೊಟ್ಟ. ತೂಬಿಗೆ ಕೊಡುತ್ತಿದ್ದ ಅದೇ ತಿರುವು. ಮಾರನೆಯ ದಿನ ಏಸಿ ಹಾಕಿದಾಗ ಬಗ್ಗಿ ನೋಡಿದ. ಒಂದು ಹನಿ ಇಲ್ಲ. ಅಂದು ಅವನು ಮುಂದಿನ ಸೀಟಿನಲ್ಲಿ ಎಂದಿಗಿಂತ ಎರಡಂಗುಲ ಎತ್ತರಕ್ಕೆ ಕೂತಿದ್ದ.

ವಾರ ಕಳೆಯುವುದರಲ್ಲಿ ಕಾರಿನೊಳಗೆ ನೆಂದ ಗೋಣಿಚೀಲದ ವಾಸನೆ ಶುರುವಾಯಿತು. ತಂಪೂ ಮೊದಲಿನಂತಿಲ್ಲ. ಕುಸುಮ ಗಾಬರಿಯಾಗಿ ಮದ್ದೂರಿನ ಅಫ್ಸರ್ ಪಾಷಾನ ಹತ್ತಿರ ಕರೆದೊಯ್ದಳು.

ಮಳವಳ್ಳಿ ರಸ್ತೆಯಲ್ಲಿ ತಗಡಿನ ಚಪ್ಪರ ಹಾಕಿಕೊಂಡು ಕಾರುಗಳ ಏಸಿ ರಿಪೇರಿ ಮಾಡುವ ಅಫ್ಸರ್ ಪಾಷಾನಿಗೆ ಐವತ್ತೈದರ ವಯಸ್ಸು. ಅವನ ಅಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಕಾಲದಿಂದಲೂ ಚಿಕ್ಕಣ್ಣನಿಗೆ ಗುರುತು. ಪಾಷಾ ಬಾಯಿಗಿಂತ ಕಿವಿ ಹೆಚ್ಚು ಬಳಸುವ ಮನುಷ್ಯ. ಬಾನೆಟ್ಟು ಎತ್ತಿ, ಕಣ್ಣು ಮುಚ್ಚಿ, ನಾಡಿ ನೋಡುವ ಪಂಡಿತನ ಹಾಗೆ ಸ್ವಲ್ಪ ಹೊತ್ತು ಆಲಿಸಿದ. ಕೆಂಪು ನೀಲಿ ಪೈಪುಗಳ ಮೀಟರು ಸಿಕ್ಕಿಸಿ ಗ್ಯಾಸು ನೋಡಿದ, ಸರಿಯಾಗಿತ್ತು. ಮುಂದಿನ ಜಾಲರಿಗೆ ಕಬ್ಬಿನ ಹೂವಾದ ಸೂಲಂಗಿಯ ಹತ್ತಿ ಮೆತ್ತಿಕೊಂಡಿತ್ತು, ತೊಳೆದ. ಡ್ಯಾಷ್‌ಬೋರ್ಡಿನ ಹಿಂದಿನ ಫಿಲ್ಟರು ತೆಗೆದು ಕೊಡವಿದ. ಜಾಕಿ ಕೊಟ್ಟು, ಅಡಿಗೆ ನುಸುಳಿ, ಟಾರ್ಚು ಬಿಟ್ಟು ನೋಡಿ ಬಂದ. ಆಗ ಚಿಕ್ಕಣ್ಣ ನೆಟ್ಟಗೆ ನಿಂತಿದ್ದ, ತನ್ನ ಕೆಲಸವನ್ನು ಮೇಲಧಿಕಾರಿ ತಪಾಸಣೆ ಮಾಡುತ್ತಿದ್ದಾನೇನೋ ಎಂಬಂತೆ. ಪಾಷಾ ಏನೂ ಹೇಳಲಿಲ್ಲ. ಚಿಕ್ಕಣ್ಣನಿಗೆ ಅದು ಮೆಚ್ಚುಗೆಯಾಗಿಯೇ ಕಂಡಿತು.

ಕೊನೆಗೆ ಪಾಷಾ, ಹುಳಕ್ಕೆ ಹಾಕುವ ಸೊಪ್ಪು ನೆಂದಿರುತ್ತದಾ ಎಂದು ಕೇಳಿದ. ಇರುತ್ತದೆ ಎಂದಳು ಕುಸುಮ. ಹಾಗಾದರೆ ಆ ಪಸೆಯೇ ವಾಸನೆ, ಸೊಪ್ಪನ್ನು ಒರೆಸಿ ಹಾಕಿ ಎಂದ. ಅಂದಿನಿಂದ ಅತ್ತೆ ಸೊಸೆ ಇಬ್ಬರೂ ಕೂತು ಹಿಪ್ಪುನೇರಳೆ ಎಲೆಗಳನ್ನು ಒಂದೊಂದಾಗಿ, ಮಗುವಿನ ಮೂಗು ಒರೆಸಿದಂತೆ ಒರೆಸತೊಡಗಿದರು.

ಚಿಕ್ಕಣ್ಣನ ಕಣ್ಣು ತೆರೆದದ್ದು ನಿಡಘಟ್ಟದಲ್ಲಿ. ಹುಳ ಇಳಿಸಿ ವಾಪಸು ಬರುವಾಗ ಕುಸುಮ ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ಕಾಫಿಗೆ ನಿಲ್ಲಿಸಿದಳು. ಬೆಂಗಳೂರು, ಮೈಸೂರಿನ ಕಾರುಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಚಿಕ್ಕಣ್ಣ ಕೈಕಟ್ಟಿ ಅಡ್ಡಾಡುತ್ತ ಒಂದು ಕಾರಿನ ಅಡಿ ನೋಡಿದ. ತೊಟ್ ತೊಟ್. ಪಾಪ, ಇವರದೂ ಸೋರುತ್ತಿದೆ ಎಂದುಕೊಂಡ. ಪಕ್ಕದ ಕಾರಿನ ಅಡಿಯಲ್ಲೂ ಅದೇ. ಮೂರನೆಯದು ಕಣ್ಣು ಕುಕ್ಕುವಂಥ ಬೆಳ್ಳನೆಯ ಹೊಸ ಕಾರು, ಹೂವಿನ ಹಾರ ಕೂಡ ಬಾಡಿರಲಿಲ್ಲ. ಅದರ ಅಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮಡು, ಒಂದು ಗುಬ್ಬಚ್ಚಿ ಅದರಲ್ಲಿ ಮಿಂದು ಪುಕ್ಕ ಕೊಡವುತ್ತಿತ್ತು. ಹನ್ನೊಂದು ಕಾರುಗಳ ಅಡಿ ನೋಡಿದ. ಹನ್ನೊಂದೂ ಸೋರುತ್ತಿದ್ದವು. ಅವನ್ನೆಲ್ಲ ಓಡಿಸಿಕೊಂಡು ಬಂದವರು ನೆಮ್ಮದಿಯಾಗಿ ವಡೆ ತಿನ್ನುತ್ತಿದ್ದರು. ಹನ್ನೆರಡನೆಯದು ಅವರದೇ ಕಾರು. ಅದರ ಅಡಿಯ ನೆಲ ಮಾತ್ರ ಸುಣ್ಣದ ಹಾಗೆ ಒಣಗಿತ್ತು.

ಚಿಕ್ಕಣ್ಣ ಅಲ್ಲೇ ಒಂದು ಕಲ್ಲಿನ ಮೇಲೆ ಕೂತ. ಆ ನೀರು ಹೋಗಬೇಕಾದ ನೀರು. ಹೋಗಬೇಕಾದ ನೀರನ್ನು ತಡೆದರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಏರಿ ಮೀರಿ ಪಕ್ಕದ ಗದ್ದೆಗೆ ನುಗ್ಗುತ್ತದೆ. ಹಿಂದಿರುಗುವಾಗ ಕಾರು ಎಡಕ್ಕೆ ಹೊರಳಿದಾಗಲೆಲ್ಲ ಡ್ಯಾಷ್‌ಬೋರ್ಡಿನ ಒಳಗೆ ಗುಳುಗುಳು ಎಂದಿತು. ಭಾರತೀನಗರ ದಾಟುವಷ್ಟರಲ್ಲಿ ಅವನ ಬಲಪಾದಕ್ಕೆ ತಣ್ಣಗಾಯಿತು. ಪಕ್ಕದ ಗದ್ದೆ ಅವನ ಕಾಲಡಿಯೇ ಆಗಿತ್ತು.

ಬೆಣೆ ಕಿತ್ತುಬಿಡೋಣವೆಂದರೆ ಕುಸುಮ ಈಚೆಗೆ ಕಾರನ್ನು ಹೊಸ ತಗಡಿನ ಕೊಟ್ಟಿಗೆಯಲ್ಲಿ, ಸಮ ನೆಲದ ಮೇಲೆ ನಿಲ್ಲಿಸುತ್ತಿದ್ದಳು. ಒಂದು ಮಧ್ಯಾಹ್ನ ಪ್ರಯತ್ನಿಸಿದ. ತಲೆ ಅಡಿಗೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಹೊರಗೆ ಚಾಚಿದ ಎರಡು ಕಾಲನ್ನು ಕಂಡ ಅಂಕಮ್ಮ ಏನು ಹುಡುಕುತ್ತೀಯ ಎಂದಳು. ನಾಕಾಣೆ ಬಿತ್ತು ಎಂದ. ನಾಕಾಣೆ ನಿಂತು ಎಷ್ಟು ವರ್ಷವಾಯಿತು ಎಂದು ಕೇಳಿ ಅವಳು ಒಳಹೋದಳು.

ಸೊಸೆಗೆ ಹೇಳಬಹುದಿತ್ತು. ಎಷ್ಟೋ ಸಲ ಬಾಯಿತುದಿಗೆ ಬಂತು. ಹೇಳಿದ ಮರುಗಳಿಗೆ ಅಂಕಮ್ಮ ಮುಂದೆ ಕಾಲು ನೀಡಿ ಕೂತಿರುವುದು ಕಣ್ಣಿಗೆ ಕಟ್ಟುತ್ತಿತ್ತು, ಮಾತು ಹಾಗೇ ಒಳಗಿಳಿಯುತ್ತಿತ್ತು. ಅದರ ಬದಲು ಕಾಲಡಿಗೆ ಒಂದು ಗೋಣಿಚೀಲ ಹಾಸಿಕೊಂಡ, ಮಂಡಿಗೆ ಬೆಚ್ಚಗಿರಲಿ ಅಂತ ಎಂದು ಸೊಸೆಗೆ ಹೇಳಿದ. ಮಳವಳ್ಳಿಯಿಂದ ನಿಡಘಟ್ಟದವರೆಗೆ ನೀರಿನಲ್ಲಿ ಕಾಲಿಟ್ಟು ಮುಖದಲ್ಲಿ ನಗು ಇಟ್ಟುಕೊಂಡು ಕೂರುತ್ತಿದ್ದ. ಒಂದು ದಿನ ಜಗಲಿಯ ಮೇಲೆ ಮಲಗಿದ್ದವನ ಅಂಗಾಲು ನೋಡಿ ಅಂಕಮ್ಮ ನಿಂತುಬಿಟ್ಟಳು.

"ಏನಾ ಇದು, ನಾಟಿ ಹಾಕ್ದೋರ್ ಕಾಲಂಗೆ ಸುಕ್ಕುಗಟ್ಟವೆ? ಕಾರಲ್ ಓಗೋನ್ಗೆ ಕೆಸರೆಲ್ ಸಿಕ್ತು?"

ಕಾಲು ತೊಳೆದೆ ಎಂದ ಚಿಕ್ಕಣ್ಣ. ದಿನಾ ತೊಳೆಯುತ್ತೀಯ, ಇಷ್ಟು ಶ್ರದ್ಧೆಯಿಂದ ಎಂದೂ ಅಲ್ಲ ಎಂದಳು ಅಂಕಮ್ಮ.

ಕಾರಿನ ಗಾಜುಗಳಿಗೆ ಒಳಗಿನಿಂದ ಮಂಜು ಕಟ್ಟತೊಡಗಿತು. ಕುಸುಮ ಎರಡನೇ ಸಲ ಪಾಷಾನ ಹತ್ತಿರ ಹೋದಳು. ಪಾಷಾ ಸೋಪಿನ ನೊರೆ ಹಚ್ಚಿ ಗ್ಯಾಸು ಎಲ್ಲಾದರೂ ಸೋರುತ್ತದಾ ಎಂದು ಜೋಡಣೆ ಜೋಡಣೆಯನ್ನೂ ನೋಡಿದ. ಅಡಿಗೂ ಇಣುಕಿದ. ಗುಳುಗುಳು ಸದ್ದಿಗೆ ತಲೆ ಅಲ್ಲಾಡಿಸಿದ. ಮುಂದಿನ ಸೀಟಿನ ಕಾಲಡಿ ನೋಡಬೇಕು, ಸ್ವಲ್ಪ ಇಳಿಯಿರಿ ಯಜಮಾನರೇ ಎಂದಾಗ ಚಿಕ್ಕಣ್ಣನಿಗೆ ಮಂಡಿ ನೋವು ಎದ್ದುಕೊಂಡಿತು, ಇಳಿಯಲಾಗಲಿಲ್ಲ. ಪಾಷಾ ಒತ್ತಾಯ ಮಾಡಲಿಲ್ಲ. ಕುಸುಮಳ ಕಣ್ಣಿನ ಕೆಳಗೆ ಕಪ್ಪು ಬಿದ್ದಿದ್ದನ್ನು ಚಿಕ್ಕಣ್ಣ ಅಂದು ಗಮನಿಸಿದ, ಬೇಗ ಬೇರೆ ಕಡೆ ನೋಡಿದ.

ಅದಾದ ಮೂರನೆಯ ದಿನ ನಿಡಘಟ್ಟದ ಅಂಕಯ್ಯನಿಗೆ ಮುನ್ನೂರು ಮೊಟ್ಟೆಯ ಹುಳ ಕೊಡಬೇಕಿತ್ತು. ಒಂದು ಮೊಟ್ಟೆ ಅಂದರೆ ಈ ಕಸುಬಿನಲ್ಲಿ ಒಂದು ಚಿಟ್ಟೆ ಇಟ್ಟ ನಾನೂರು ಚಿಲ್ಲರೆ ಮರಿಗಳ ಲೆಕ್ಕ. ಅಲ್ಲಿರುವ ತಂಗಿ ಮಂಗಳಮ್ಮನನ್ನು ನೋಡಿಬರುತ್ತೇನೆಂದು ಅಂಕಮ್ಮನೂ ಹೊರಟು, ಟ್ರೇಗಳ ಪಕ್ಕದಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಳು. ನಸುಕಿನಲ್ಲೇ ಬಿಡಬೇಕಾದವರು ಹುಳ ಜ್ವರದಿಂದ ಏಳುವುದು ತಡವಾಗಿ ಹತ್ತು ಗಂಟೆಗೆ ಬಿಟ್ಟರು. ಭಾರತೀನಗರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರು. ಅಲ್ಲಿಂದ ಮುಂದೆ ಎರಡು ಮೈಲಿ ಹೋಗಿರಲಿಲ್ಲ, ಏಸಿಯ ಕಿಂಡಿಯಿಂದ ಹೊಗೆಯಂಥ ಮಂಜು ಬಂತು. ಆಮೇಲೆ ಕುಸುಮಳ ಕೆನ್ನೆಗೆ ನಾಲ್ಕು ಹನಿ ನೀರು ಚಿಮ್ಮಿತು, ಪನ್ನೀರು ಎರಚಿದ ಹಾಗೆ. ಆಮೇಲೆ ಟಪ್ ಎಂದು ಸದ್ದಾಗಿ ಗಾಳಿಯೇ ನಿಂತಿತು.

ಅಂಕಮ್ಮ ಹಿಂದಿನಿಂದ ಶಾಖಮಾಪಕ ಓದುತ್ತ ಬಂದಳು. ಇಪ್ಪತ್ತೇಳು. ಇಪ್ಪತ್ತೊಂಬತ್ತು. ಗಾಜಿಳಿಸಿದರೆ ಒಲೆಯ ಬಾಯಿಂದ ಬಂದಂಥ ಗಾಳಿ. ಮದ್ದೂರು ಮುಟ್ಟಿ ಪಾಷಾನ ಚಪ್ಪರದ ಮುಂದೆ ನಿಲ್ಲುವಾಗ ಮೂವತ್ತೆರಡು. ಕುಸುಮ ಟ್ರೇಗಳನ್ನು ಇಳಿಸಿ ರಸ್ತೆಯಾಚೆಯ ಹುಣಸೆ ಮರದ ನೆರಳಿಗೆ ಸಾಗಿಸಿದಳು. ಅತ್ತೆ ಸೊಸೆ ಸೇರಿ ಸುತ್ತಲೂ ಒದ್ದೆ ಗೋಣಿ ಇಳಿಬಿಟ್ಟರು.

ಇತ್ತ ಪಾಷಾ ಫ್ಯಾನಿನ ಫ್ಯೂಸು ಬದಲಿಸಿದ. ಟಪ್. ಇನ್ನೊಂದು ಹಾಕಿದ. ಟಪ್. ಒಳಗೆ ಮೋಟಾರಿನಲ್ಲೇ ಏನೋ ಆಗಿದೆ, ಇಡೀ ಡ್ಯಾಷ್‌ಬೋರ್ಡು ಬಿಚ್ಚಬೇಕು, ಎರಡು ದಿನದ ಕೆಲಸ ಎಂದು ಹೇಳಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಚಿಕ್ಕಣ್ಣ ಇನ್ನೂ ಮುಂದಿನ ಸೀಟಿನಲ್ಲೇ ಗೋಣಿಚೀಲದ ಮೇಲೆ ಕಾಲೂರಿ ಕೂತಿದ್ದ. ಪಾಷಾ ಅವನ ಮಂಡಿಯ ಸಂದಿಯಲ್ಲಿ ಕೈ ತೂರಿಸಿ ಮೊದಲನೇ ತಿರುಪು ಬಿಚ್ಚಿದ.

"ಪಾಸಾ, ಅಡೀಲಿ ಒಂದ್ ಕಿತ ನೋಡ್ಬೋದಿತ್ತೇನೋ," ಎಂದ ಚಿಕ್ಕಣ್ಣ.

ಎರಡು ಸಲ ನೋಡಿದ್ದೇನೆ ಎಂದ ಪಾಷಾ. ಎರಡನೇ ತಿರುಪು ಬಂತು. ಎಲ್ಲಾದರೂ ನೀರು ಗೀರು ನಿಂತಿರಬಹುದೇನೋ ಎಂದು ಚಿಕ್ಕಣ್ಣ ಕಿಟಕಿಯಾಚೆ ನೋಡುತ್ತ ಗಾಳಿಯಲ್ಲಿ ಮಾತು ತೇಲಿಬಿಟ್ಟ.

"ನಾಲೆ ನೀರು ನೀವ್ ನೋಡ್ಕೊಳ್ಳಿ ಯಜಮಾನ್ರೇ, ಕಾರಿಂದು ನಾನ್ ನೋಡ್ಕೊತೀನಿ," ಎಂದ ಪಾಷಾ. ಮೂರನೇ ತಿರುಪು ಬಂತು.

ಚಿಕ್ಕಣ್ಣ ರಸ್ತೆಯಾಚೆ ನೋಡಿದ. ಕುಸುಮ ಸೆರಗು ಬಿಚ್ಚಿ ಎರಡು ಕೈಯಲ್ಲಿ ಹಿಡಿದು ಟ್ರೇಗಳಿಗೆ ಗಾಳಿ ಬೀಸುತ್ತಿದ್ದಳು. ಒಂದು ಸಲವೂ ಕೈ ನಿಲ್ಲಿಸಲಿಲ್ಲ. ಗದ್ದೆ ಒಣಗುವಾಗ ರೈತರು ತೂಬಿನ ಹತ್ತಿರ ಬಂದು ನಿಲ್ಲುತ್ತಿದ್ದ ರೀತಿ ಅವನಿಗೆ ನೆನಪಾಯಿತು. ಬಯ್ಯುತ್ತಲೂ ಇರಲಿಲ್ಲ, ಬೇಡುತ್ತಲೂ ಇರಲಿಲ್ಲ, ಅವನ ಕೈಯಲ್ಲಿರುವ ಬೀಗದಕೈಯನ್ನೇ ನೋಡುತ್ತ ನಿಲ್ಲುತ್ತಿದ್ದರು. ಅಂಥವರನ್ನು ಅವನು ಒಂದು ದಿನವೂ ಕಾಯಿಸಿದವನಲ್ಲ.

ಚಿಕ್ಕಣ್ಣ ಬಾಗಿಲು ತೆಗೆದು ಇಳಿದ. ಗೋಣಿಚೀಲದಿಂದ ಪಚಕ್ ಎಂದು ನೀರು ಬಂತು.

"ತಿರುಪು ಬುಡು ಪಾಸಾ. ಅಡೀಲಿ ಪೈಪ್ಗೊಂದು ಬೆಣೆ ಅದೆ. ನಾನೇ ಜಡ್ದಿರೋದು."

ಪಾಷಾ ಗೋಣಿಚೀಲ ನೋಡಿದ, ಚಿಕ್ಕಣ್ಣನ ಕಾಲು ನೋಡಿದ, ಆಮೇಲೆ ಮುಖ. ಅವನ ಬಾಯಿ ಸ್ವಲ್ಪ ತೆರೆದು ಹಾಗೇ ನಿಂತಿತು. ಪೈಪಿನ ತುದಿಗಿದ್ದ ಆ ಕರಿ ಟೋಪಿಯನ್ನು ಅವನು ಎರಡು ಸಲವೂ ಟಾರ್ಚಿನ ಬೆಳಕಿನಲ್ಲಿ ಕಣ್ಣಾರೆ ಕಂಡಿದ್ದ. ಈ ಮಾಡೆಲ್ಲಿಗೆ ಕಂಪನಿಯವರೇ ಕೊಟ್ಟಿರುವ ಸಾಮಾನು ಎಂದುಕೊಂಡು, ಎಷ್ಟು ಚೆನ್ನಾಗಿ ಕೂರಿಸಿದ್ದಾರೆ ಎಂದು ಮೆಚ್ಚಿ ಈಚೆ ಬಂದಿದ್ದ.

ಜಾಕಿ ಕೊಟ್ಟು ಅಡಿಗೆ ನುಸುಳಿದ ಪಾಷಾ ಇಕ್ಕಳದಲ್ಲಿ ಎಳೆದ. ಇಕ್ಕಳ ಜಾರಿತು. ಮತ್ತೆ ಎಳೆದ. ಬೆಣೆ ಮಿಸುಕಲಿಲ್ಲ. ಚಿಕ್ಕಣ್ಣ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಹೇಳಿಕೊಟ್ಟ: ಎಳೀಬಾರದು, ಮೊದಲು ಒಳಕ್ಕೇ ಒಂದು ಚೂರು ಒತ್ತಬೇಕು, ಎಡಕ್ಕೆ ತಿರುವಬೇಕು, ಆಮೇಲೆ ತೂಬು ಎತ್ತಿದ ಹಾಗೆ ಮೆತ್ತಗೆ. ಪಾಷಾ ಹಾಗೇ ಮಾಡಿದ. ಮುಖ ಈಚೆಗೆ ತೆಗೆದುಕೋ ಎಂದು ಚಿಕ್ಕಣ್ಣ ಹೇಳುವಷ್ಟರಲ್ಲಿ ಬೆಣೆ ಬಂತು. ಅದರ ಹಿಂದೆಯೇ ಇಪ್ಪತ್ತು ದಿನದ ನೀರು ಧೋ ಎಂದು ಪಾಷಾನ ಗಡ್ಡದ ಮೇಲೆ, ಎದೆಯ ಮೇಲೆ, ತೆರೆದ ಬಾಯೊಳಕ್ಕೆ ಬಂತು. ಒಂದು ಬಕೆಟ್ಟಿಗೆ ಕಡಿಮೆಯಿಲ್ಲ. ಹುಳಿತ ಗಂಜಿಯ ವಾಸನೆ.

ಪಾಷಾ ಎದ್ದು ಕೂತು ಗಡ್ಡ ಹಿಂಡಿಕೊಂಡ. ತಣ್ಣೀರಿನ ಚೊಂಬು ಹೊರಗಡೆ ಬೆವರುತ್ತದಲ್ಲ, ಏಸಿಯ ಒಳಗೂ ಹಾಗೇ ಬೆವರು ಬರುತ್ತದೆ, ಅದು ಆಚೆ ಹೋಗಲಿ ಎಂದೇ ಆ ಪೈಪು ಇರುವುದು ಎಂದು ಮಗುವಿಗೆ ಹೇಳುವಂತೆ ಹೇಳಿದ. ಈಗ ಗೊತ್ತಾಗಿದೆ ಎಂದ ಚಿಕ್ಕಣ್ಣ. ಪಾಷಾ ಬೆಣೆಯನ್ನು ತಿರುಗಿಸಿ ತಿರುಗಿಸಿ ನೋಡಿ ಅವನ ಕೈಗಿತ್ತ.

ಇಬ್ಬರೂ ಸೇರಿ ಕಾಲಡಿಯ ಗೋಣಿಚೀಲ, ಮ್ಯಾಟು ಕಿತ್ತು ಬಿಸಿಲಿಗೆ ಹಾಕಿದರು. ಟೈರಿಗೆ ಗಾಳಿ ತುಂಬುವ ಪೈಪನ್ನು ಎಳೆದುತಂದು ಪಾಷಾ ಫ್ಯಾನಿನ ಮೋಟಾರಿಗೆ ಗಾಳಿ ಹೊಡೆದು ಒಣಗಿಸಿದ. ಬಿಚ್ಚಿದ ಮೂರು ತಿರುಪನ್ನು ಬಿಗಿದ. ಮೂರನೇ ಫ್ಯೂಸು ಹಾಕಿದ. ಟಪ್ ಎನ್ನಲಿಲ್ಲ. ಫ್ಯಾನು ಒಂದು ಸಲ ಕೆಮ್ಮಿ, ಆಮೇಲೆ ಸುಂಯ್ ಎಂದು ತಣ್ಣನೆಯ ಗಾಳಿ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಕಾರಿನ ಅಡಿಯಿಂದ ಸದ್ದು ಕೇಳಿತು. ತೊಟ್. ತೊಟ್.

ಕುಸುಮ ರಸ್ತೆ ದಾಟಿ ಬರುತ್ತಿರುವುದು ಕಂಡಿತು. ಪಾಷಾ ದನಿ ತಗ್ಗಿಸಿದ. ಎರಡು ಸಲ ಕಣ್ಣಿಗೆ ಕಂಡರೂ ಬಿಟ್ಟೆ ಎಂದು ಗೊತ್ತಾದರೆ ನನಗೂ ಮರ್ಯಾದೆಯಲ್ಲ, ಪೈಪಿಗೆ ಮಣ್ಣು ಕಟ್ಟಿತ್ತು ಎಂದುಬಿಡೋಣ, ನಿಮ್ಮ ಸುದ್ದಿಯೂ ಬೇಡ, ನನ್ನ ಸುದ್ದಿಯೂ ಬೇಡ ಎಂದ. ಮುಂದಿನ ಸೀಟಿನ ಷರತ್ತು ಅವನಿಗೂ ಗೊತ್ತಿತ್ತು. ಚಿಕ್ಕಣ್ಣನೇ ಒಮ್ಮೆ ಹೇಳಿಕೊಂಡಿದ್ದ. ಚಿಕ್ಕಣ್ಣ ಬೆಣೆಯನ್ನು ಅಂಗಿಯ ಜೇಬಿಗಿಳಿಸಿದ.

ಕುಸುಮ ಕಿಂಡಿಗೆ ಕೈಯೊಡ್ಡಿ ತಂಪು ನೋಡಿದಳು. ಹುಳ ಇನ್ನೂ ಸೊಪ್ಪು ತಿನ್ನುತ್ತಿವೆ, ಅರ್ಧ ಗಂಟೆ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದಳು. ಆಮೇಲೆ ಏನಾಗಿತ್ತು ಎಂದು ಕೇಳಿದಳು. ಪೈಪಿಗೆ ಮಣ್ಣು ಕಟ್ಟಿತ್ತು ಎಂದ ಪಾಷಾ.

ಕುಸುಮ ಕಿಂಡಿಯಿಂದ ಕೈ ತೆಗೆದಳು. ಬೆವರಿಗೆ ಹಣೆಯ ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿತ್ತು.

"ಎರಡ್ ಸಲ ಬಂದಿದ್ದೀನಿ ಪಾಷಣ್ಣ. ಅಡಿಗೆ ನುಗ್ಗಿ ನೋಡುದ್ರಲ್ಲ, ಮಣ್ಣು ಕಾಣ್ಲಿಲ್ವಾ? ಇನ್ಮೇಲೆ ಮಂಡ್ಯಕ್ಕೇ ಹೋಯ್ತೀನಿ ಬುಡಿ."

ಬೈಗುಳವಾಗಿದ್ದರೆ ಪಾಷಾ ಒರೆಸಿಕೊಳ್ಳುತ್ತಿದ್ದ. ಇದು ಬೈಗುಳವಾಗಿರಲಿಲ್ಲ. ಅವನು ಒದ್ದೆ ಅಂಗಿಯಲ್ಲೇ ತಲೆ ತಗ್ಗಿಸಿ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಇಡತೊಡಗಿದ. ಚಿಕ್ಕಣ್ಣನ ಕಡೆ ನೋಡಲೂ ಇಲ್ಲ. ಬೆಣೆ ಜಡಿದವರು ಯಾರೆಂದು ಪಾಷಾ ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ.

ಚಿಕ್ಕಣ್ಣನ ಜೇಬಿನಲ್ಲಿ ಬೆಣೆ ಒದ್ದೆಯಾಗಿ ಎದೆಗೆ ತಾಗುತ್ತಿತ್ತು. ಅವನು ಮುಂದಿನ ಸೀಟನ್ನು ಒಮ್ಮೆ ನೋಡಿದ. ತೆರೆದ ಬಾಗಿಲು, ಅವನ ಮೈಯ ಗುಂಡಿ ಬಿದ್ದ ಸೀಟು, ಮುಂದೆ ಅಗಲವಾದ ಗಾಜು. ಆಮೇಲೆ ಬೆಣೆ ತೆಗೆದು ಬಾನೆಟ್ಟಿನ ಮೇಲಿಟ್ಟ.

"ಮಣ್ಣಲ್ಲ ಕಣಮ್ಮ. ಇದು. ನಾನ್ ಜಡ್ದಿದ್ದು. ಪಾಸನ್ನ ಏನೂ ಅನ್ಬ್ಯಾಡ, ಬ್ರಹ್ಮ ಬಂದ್ರೂ ಇದು ಕಂಪನಿ ಮಾಲು ಅಂದ್ಕತಿದ್ದ."

ಕೊನೆಯ ಮಾತಿನಲ್ಲಿ ಒಂದು ಚೂರು ಜಂಭ ಸೇರಿಕೊಂಡಿದ್ದು ಅವನಿಗೇ ಕೇಳಿಸಿ ನಾಚಿಕೆಯಾಯಿತು.

ಕುಸುಮ ಬೆಣೆ ನೋಡಿದಳು, ಮಾವನ ಸುಕ್ಕುಗಟ್ಟಿದ ಕಾಲು ನೋಡಿದಳು, ಬಿಸಿಲಿಗೆ ಹಾಕಿದ ಗೋಣಿಚೀಲ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬಂದು, ಅದರ ಹಿಂದೆ ಇನ್ನೊಂದೇನೋ ಬಂದು, ಎರಡೂ ಒಂದಕ್ಕೊಂದು ದಾರಿ ಬಿಡದೆ ನಿಂತವು. ಅಷ್ಟರಲ್ಲಿ ಟ್ರೇ ಹೊತ್ತು ಬಂದ ಅಂಕಮ್ಮ ಅದನ್ನು ಅಟ್ಟಣಿಗೆಯಲ್ಲಿಟ್ಟು, ಬೆಣೆ ಕೈಗೆತ್ತಿಕೊಂಡು, ರಬ್ಬರು ಸರಿಸಿ, ಸುತ್ತಿದ್ದ ಬಟ್ಟೆಯನ್ನು ಉಗುರಿನಿಂದ ಬಿಡಿಸಿದಳು.

"ಇದು ನನ್ ಮಾವಿನಕಾಯಿ ಅಂಚಿನ ಸೀರೆ. ಯುಗಾದಿ ಆದಾಗ್ಲಿಂದ ಉಡುಕ್ತಾ ಇವ್ನಿ," ಎಂದಳು.

ಬೆಣೆಯನ್ನು ಗಂಡನ ಕೈಯಲ್ಲಿಟ್ಟು, ಕಾರನ್ನು ಸುತ್ತಿ ಹೋಗಿ, ಚಪ್ಪಲಿ ಕೊಡವಿ ಕೈಯಲ್ಲಿ ಹಿಡಿದು, ಮುಂದಿನ ಸೀಟಿಗೆ ಹತ್ತಿ ಕೂತಳು. ನೆಲ ಇನ್ನೂ ಒದ್ದೆಯಾಗಿದ್ದರಿಂದ ಚಕ್ಕಂಬಕ್ಕಳ ಹಾಕಿದಳು. ಕುಸುಮ ಆಗ ತಡೆಯಲಾರದೆ ಬಾನೆಟ್ಟಿನ ಮೇಲೆ ಎರಡೂ ಕೈಯೂರಿ ನಕ್ಕಳು, ಅತ್ತಂತೆ ನಕ್ಕಳು. ಗಡ್ಡದಿಂದ ನೀರಿಳಿಯುತ್ತಿದ್ದ ಪಾಷಾನನ್ನು ನೋಡಿ ಮತ್ತೊಂದು ಸಲ ನಕ್ಕಳು. ಮಂಡ್ಯದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಆದರೆ ಷರತ್ತು ಷರತ್ತೇ ಎಂದು ಮಾವನಿಗೆ ನಡುವಿನ ಸೀಟು ತೋರಿಸಿದಳು.

ನಡುವಿನ ಸೀಟಿನಲ್ಲಿ ಗದ್ದಕ್ಕೆ ಮೊಣಕಾಲು ತಾಗುತ್ತಿತ್ತು. ಕಿವಿಯ ಪಕ್ಕದಲ್ಲೇ ಟ್ರೇಗಳು. ಮುನ್ನೂರು ಮೊಟ್ಟೆಯ ಹುಳ ಸೊಪ್ಪು ತಿನ್ನುವ ಸದ್ದನ್ನು ಚಿಕ್ಕಣ್ಣ ಅಷ್ಟು ಹತ್ತಿರದಿಂದ ಎಂದೂ ಕೇಳಿರಲಿಲ್ಲ. ದೂರದ ಗದ್ದೆಯ ಮೇಲೆ ತುಂತುರು ಬಿದ್ದ ಹಾಗೆ. ಮುಂದೆ ಅಂಕಮ್ಮ ಗಾಜಿಳಿಸಿ ಯಾರಿಗೋ ಕೈಯೆತ್ತಿದಳು. ಕುಸುಮ ಗದರಿದಳು. ಚಿಕ್ಕಣ್ಣ ಶಾಖಮಾಪಕ ಓದಿದ. ಇಪ್ಪತ್ತಾರು.

ನಿಡಘಟ್ಟದ ಅಂಕಯ್ಯ ಟ್ರೇಗಳನ್ನು ಬೆಳಕಿಗೆ ಹಿಡಿದು ನೋಡಿ, ಹುಳ ಚುರುಕಾಗಿವೆ ಎಂದು ಇಳಿಸಿಕೊಂಡ.

ಸಂಜೆ ಊರಿಗೆ ಬಂದಾಗ ಕುಸುಮ ಕಾರನ್ನು ಕೊಟ್ಟಿಗೆಗೆ ತಿರುಗಿಸುತ್ತಿದ್ದಳು. ನಡುವಿನ ಸೀಟಿನಿಂದ ದನಿ ಬಂತು. ಅಲ್ಲಿ ಬೇಡ, ಬಾವಿಯ ಪಕ್ಕಕ್ಕೆ ಬಿಡು. ಇನ್ನೆರಡಡಿ ಮುಂದೆ. ಒಂದು ಚೂರು ಎಡಕ್ಕೆ. ಸಾಕು. ಕುಸುಮ ಯಾಕೆ ಎಂದು ಕೇಳದೆ ಹೇಳಿದಲ್ಲಿ ನಿಲ್ಲಿಸಿ, ಖಾಲಿ ಟ್ರೇ ಎತ್ತಿಕೊಂಡು ಒಳಹೋದಳು. ಚಿಕ್ಕಣ್ಣ ಇಳಿದು, ಕೈಯನ್ನು ಬೆನ್ನ ಹಿಂದೆ ಕಟ್ಟಿ, ಬಗ್ಗಿ ನೋಡಿದ. ಹನಿಗಳು ನೆಟ್ಟಗೆ ಕರಿಬೇವಿನ ಸಸಿಯ ಬುಡಕ್ಕೇ ಬೀಳುತ್ತಿದ್ದವು. ಹೋದ ವಾರ ಅವನೇ ನೆಟ್ಟ ಸಸಿ, ಎಲೆಯೆಲ್ಲ ಜೋತುಬಿದ್ದಿತ್ತು.

ಒಳಗಿನಿಂದ ಗಾಜು ಬಡಿದ ಸದ್ದಾಯಿತು. ಅಂಕಮ್ಮನಿಗೆ ಮುಂದಿನ ಬಾಗಿಲಿನ ಚಿಲಕ ಎಲ್ಲಿದೆ ಎಂದು ತಿಳಿದಿರಲಿಲ್ಲ. ಅವಳು ಗಾಜಿನ ಹಿಂದೆ ಕೈಸನ್ನೆ ಮಾಡಿದಳು, ಬಾಗಿಲು ತೆಗಿ ಬಾ ಎಂದಳು.

"ನಾನ್ ಕಾರ್ ಮುಟ್ಟಂಗಿಲ್ಲ ಕಣಮ್ಮಿ," ಎಂದು ಹೇಳಿ ಚಿಕ್ಕಣ್ಣ ಮುಂದಿನ ಹನಿ ಎಲ್ಲಿ ಬೀಳುತ್ತದೆಂದು ನೋಡುತ್ತ ಕುಕ್ಕರಗಾಲಲ್ಲಿ ಕೂತ.